ಹನ್ನೊಂದು ಪೈನ್ ಮರ

ಹೋಸಿಯಾ ಡರ್ಡನ್ ಕದ್ದದ್ದು ಹನ್ನೊಂದು ಪೈನ್ ಮರ. ಕೋರ್ಟಿನ ಕಾಗದದಲ್ಲಿ ಹಾಗೆಂದು ಬರೆದಿದೆ. ಕಡಿದಾಗ ಅವನಿಗೆ ಹತ್ತೊಂಬತ್ತು ವರ್ಷ. ಈಗ ಅರವತ್ತೆರಡು. ನಡುವಿನ ನಲವತ್ತಮೂರು ವರ್ಷಗಳಲ್ಲಿ ಮಿಸಿಸಿಪ್ಪಿ ರಾಜ್ಯದ ಎಷ್ಟು ಕಾಡು ಬೋಳಾಯಿತೋ ಯಾರೂ ಎಣಿಸಿಲ್ಲ. ಬೋಳು ಮಾಡಿದವರೆಲ್ಲ ಪ್ರತಿ ಚುನಾವಣೆಯಲ್ಲೂ ಓಟು ಹಾಕಿದರು. ಹೋಸಿಯಾ ಒಂದು ಸಲವೂ ಹಾಕಲಿಲ್ಲ. ಹಾಕುವಂತಿರಲಿಲ್ಲ.

ಮತದಾರರ ಪಟ್ಟಿಯಲ್ಲಿ ಹೆಸರು ಮಾತ್ರ ಬರೆಸಿದ್ದ. ಅಕ್ಕ ಆಡಿ ಪರ್ಲ್ ಅವನ ಕೈ ಹಿಡಿದು ಎಳೆದುಕೊಂಡು ಹೋಗಿ ಬರೆಸಿದ್ದಳು. ಆ ನವೆಂಬರಿನಲ್ಲಿ ಅವನ ಮೊದಲ ಓಟು ಬೀಳಬೇಕಿತ್ತು. ಸೆಪ್ಟೆಂಬರಿನಲ್ಲೇ ಶೆರಿಫನ ಪೊಲೀಸ್ ಗಾಡಿ ಅಂಗಳಕ್ಕೆ ಬಂತು.

ಆ ರಾಜ್ಯದ ಸಂವಿಧಾನದಲ್ಲಿ ಒಂದು ಪಟ್ಟಿ ಇದೆ. 1890ರಲ್ಲಿ ಬಿಳಿಯರು ಕೂತು ಬರೆದದ್ದು. ಕರಿಯರು ಯಾವ ಯಾವ ತಪ್ಪು ಮಾಡುತ್ತಾರೆಂದು ಅವರಿಗೆ ಅನ್ನಿಸಿತೋ ಅವನ್ನೆಲ್ಲ ಹೆಕ್ಕಿ ಹೆಕ್ಕಿ ಅದರಲ್ಲಿ ತುಂಬಿದರು. ಕಳ್ಳತನ ಮಾಡಿದವನಿಗೆ ಸಾಯುವತನಕ ಓಟಿಲ್ಲ. ಮರ ಕದ್ದವನಿಗೂ ಇಲ್ಲ. ಹೋಸಿಯಾನ ಪಕ್ಕದ ಮನೆಯ ಥರ್ಮನ್ ಕೊಕೇನ್ ಮಾರಿ ನಾಲ್ಕು ವರ್ಷ ಒಳಗಿದ್ದು ಬಂದವನು. ಕೊಕೇನ್ ಆ ಪಟ್ಟಿಯಲ್ಲಿಲ್ಲ. ಅವನಿಗೆ ಓಟಿದೆ. ಚುನಾವಣೆಯ ದಿನ ಬೇಲಿಯ ಆಚೆಯಿಂದ ಕೂಗಿ ಹೇಳುತ್ತಾನೆ: “ನೀನೂ ನನ್ನಂಗೆ ಮಾನವಾಗಿ ದಂಧೆ ಮಾಡ್ಕೊಂಡಿರ್ಬೇಕಿತ್ತು ಕಣೋ.” ಹೋಸಿಯಾ ನಗುತ್ತಾನೆ. ನಗದೆ ಏನು ಮಾಡುವುದು.

ಕಳೆದುಕೊಂಡದ್ದನ್ನು ವಾಪಸು ಪಡೆಯಲು ಒಂದು ದಾರಿಯನ್ನೂ ಅದೇ ಕಾನೂನಿನಲ್ಲಿ ಇಟ್ಟಿದ್ದಾರೆ. ಆ ಮನುಷ್ಯನ ಹೆಸರಿನಲ್ಲೇ ಒಂದು ಮಸೂದೆ ತರಬೇಕು. ಶಾಸಕನೊಬ್ಬ ಅದನ್ನು ಮಂಡಿಸಬೇಕು. ಎರಡೂ ಸದನಗಳಲ್ಲಿ ಮೂರರಲ್ಲಿ ಎರಡು ಪಾಲು ಜನ ಕೈ ಎತ್ತಬೇಕು. ಒಬ್ಬ ಸಾಮಿಲ್ಲಿನ ಕೂಲಿಯವನು ಓಟು ಹಾಕಬಹುದೋ ಬೇಡವೋ ಎಂದು ಸೂಟು ಹಾಕಿದ ನೂರಾರು ಜನ ತೀರ್ಮಾನಿಸಬೇಕು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರಲ್ಲ, ಅದನ್ನು ಅಲ್ಲಿ ಕಾನೂನೇ ಮಾಡಿಟ್ಟಿದ್ದಾರೆ.

ಸಾಮಿಲ್ಲಿನಲ್ಲಿ ಹೋಸಿಯಾನ ಜಾಗ ಚೈನಿನ ಬದಿ. ಗರಗಸದಿಂದ ಹೊರಬಿದ್ದ ಹಸಿ ಹಲಗೆ ಚೈನಿನ ಮೇಲೆ ಬರುತ್ತದೆ. ಎಳೆಯಬೇಕು, ತಿರುಗಬೇಕು, ಅಟ್ಟಿಗೆ ಒಟ್ಟಬೇಕು. ಅಷ್ಟರಲ್ಲಿ ಮುಂದಿನದು ಬಂದಿರುತ್ತದೆ. ದಿನಕ್ಕೆ ಹತ್ತು ಗಂಟೆ. ಹಸಿ ಹಲಗೆ ಹೆಣಭಾರ. ಅವನ ಬಲಗೈ ಈಗ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಎಡಗೈಯ ಎರಡು ಬೆರಳನ್ನು ಚೈನು ತಿಂದಿದೆ. ಅಂಗೈ ಗೆರೆಗಳಲ್ಲಿ ಮರದ ಅಂಟು ಕೂತು ಕಪ್ಪಾಗಿದೆ, ಸೀಮೆಎಣ್ಣೆ ಹಾಕಿ ಉಜ್ಜಿದರೂ ಹೋಗುವುದಿಲ್ಲ. ಜೈಲಿಗೆ ಹೋಗಿಬಂದವನನ್ನು ಹೆಚ್ಚು ಕೇಳದೆ ಸೇರಿಸಿಕೊಳ್ಳುವ ಕೆಲಸ ಸುತ್ತಮುತ್ತ ಅದೊಂದೇ. ಬೇರೆ ಎಲ್ಲ ಕಡೆ ಅರ್ಜಿಯಲ್ಲಿ ಒಂದು ಪುಟ್ಟ ಚೌಕ ಇರುತ್ತದೆ. ನಿನಗೆ ಶಿಕ್ಷೆಯಾಗಿದೆಯೇ? ಹೌದು ಎಂದು ಗೀಟು ಹಾಕಿದರೆ ಅರ್ಜಿ ಅಲ್ಲೇ ಸಾಯುತ್ತದೆ.

ಮನೆಯೂ ಹಾಗೇ. ಹೆಂಡತಿ ಲೂಟಿಷಾಳಿಗೆ ಸರ್ಕಾರದ ಬಾಡಿಗೆ ಮನೆ ಸಿಕ್ಕಿತ್ತು. ಶಿಕ್ಷೆಯಾದವರ ಹೆಸರು ಅದರಲ್ಲಿ ಸೇರಿಸುವಂತಿಲ್ಲ. ಎಂಟು ವರ್ಷ ಹೋಸಿಯಾ ತನ್ನ ಹೆಂಡತಿಯ ಮನೆಗೆ ಹಿಂದಿನ ಬಾಗಿಲಿನಿಂದ ಬಂದು ಹೋದ. ತಪಾಸಣೆಗೆ ಬರುತ್ತಾರೆಂದು ಗೊತ್ತಾದಾಗ ಅವನ ಬೂಟು, ಕ್ಷೌರದ ಸಾಮಾನು ಎಲ್ಲ ಒಂದು ಚೀಲಕ್ಕೆ ಹೋಗುತ್ತಿತ್ತು. ಕಟ್ಟಿಕೊಂಡ ಗಂಡ ಮಿಂಡನ ಹಾಗೆ ಓಡಾಡಿದ. ಲೂಟಿಷಾ ಸತ್ತ ಬೆಳಿಗ್ಗೆ ಅವನು ಅಲ್ಲಿರಲಿಲ್ಲ, ತಪಾಸಣೆಯ ದಿನವೆಂದು ಅಕ್ಕನ ಮನೆಯಲ್ಲಿ ಮಲಗಿದ್ದ. ಅದನ್ನು ಅವನು ಯಾರ ಹತ್ತಿರವೂ ಆಡುವುದಿಲ್ಲ.

ಇಷ್ಟೆಲ್ಲ ಉಂಡವನ ಹತ್ತಿರ ಜನವರಿಯಲ್ಲಿ ಕಿಯಾನಾ ರಫಿನ್ ಎಂಬ ವಕೀಲೆ ಬಂದಳು. ರಾಜಧಾನಿ ಜಾಕ್ಸನ್ನಿನವಳು, ಕರಿಯರ ಹುಡುಗಿಯೇ, ಮೂವತ್ತೂ ಇರಲಿಕ್ಕಿಲ್ಲ. ಸಾಮಿಲ್ಲಿನ ಗೇಟಿನ ಹತ್ತಿರ ಕಾದು ನಿಂತು, ನಿಮ್ಮ ಹೆಸರಿನ ಮಸೂದೆ ತರಿಸುತ್ತೇನೆ ಅಂದಳು. ಒಂದು ಡಾಲರೂ ಬೇಡ ಅಂದಳು. ಆ ಮಾತಿಗೇ ಹೋಸಿಯಾ ಹೆಜ್ಜೆ ಹಿಂದಿಟ್ಟ. ಪುಕ್ಕಟೆ ಬಂದದ್ದು ಯಾವುದೂ ಅವನಿಗೆ ಈವರೆಗೆ ಪುಕ್ಕಟೆ ಬಿದ್ದಿರಲಿಲ್ಲ. ಅವಳ ಕಾರಿನ ನಂಬರು ಬರೆದುಕೊಂಡ. ಚರ್ಚಿನಲ್ಲಿ ವಿಚಾರಿಸಿದ. ನಿನಗೆ ಸಂಬಳ ಕೊಡುವವರು ಯಾರು, ಅವರಿಗೆ ಕೊಡುವವರು ಯಾರು ಎಂದು ಕೆದಕಿದ. ಮೂರು ಸಲ ಬರಿಗೈಲಿ ಕಳಿಸಿದ. ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ. ಡರ್ಡನ್ ಮನೆಯವರು ತಣ್ಣೀರನ್ನೂ ಊದುವ ಜಾತಿ. ನಾಲ್ಕನೇ ಸಲ ಬಂದಾಗ ಅವಳ ಕಣ್ಣಲ್ಲಿ ನೀರಿತ್ತು, ಆಗ ಅವನಿಗೆ ನಾಚಿಕೆಯಾಯಿತು. ಒಪ್ಪಿಕೊಂಡ. ಅವಳು ಒಂದೇ ಮಾತು ಗಟ್ಟಿಯಾಗಿ ಹೇಳಿ ಹೋದಳು: ಯಾರು ಏನೇ ಕಾಗದ ಕೊಟ್ಟರೂ ಪೂರ್ತಿ ಓದಿ.

ಅದನ್ನು ಅವನಿಗೆ ಹೇಳಬೇಕಾಗಿರಲಿಲ್ಲ. ಅನುಮಾನ ಅವರ ಮನೆತನದ ಆಸ್ತಿ. ಉಳಿದ ಆಸ್ತಿ ಹೋದದ್ದೂ ಅದರಿಂದಲೇ.

ಅಜ್ಜಿ ಕ್ಯಾಲಿಗೆ ಅವಳ ಅಪ್ಪ ಬಿಟ್ಟುಹೋದ ನಲವತ್ತು ಎಕರೆ ಇತ್ತು. ಅರ್ಧ ಹೊಲ, ಅರ್ಧ ಪೈನ್ ಕಾಡು. ಕ್ಯಾಲಿ ಕೋರ್ಟಿನ ಮೆಟ್ಟಿಲು ಹತ್ತಿದವಳಲ್ಲ. ಜಮೀನಿನ ಕಾಗದ ಹಿಡಿದು ಒಳಗೆ ಹೋದ ಕರಿಯ ಜಮೀನು ಕಳೆದುಕೊಂಡು ಹೊರಗೆ ಬರುತ್ತಾನೆ ಎಂದು ಅವಳು ಕಣ್ಣಾರೆ ಕಂಡಿದ್ದಳು. ಆದ್ದರಿಂದ ಉಯಿಲು ಬರೆಸಲಿಲ್ಲ. ಆ ಕಡೆಯ ಕರಿಯರಲ್ಲಿ ಬಹಳ ಮನೆಗಳು ಹಾಗೇ. ಸತ್ತವರ ಜಮೀನು ಉಳಿದವರೆಲ್ಲರದ್ದು, ಬರವಣಿಗೆ ಯಾಕೆ ಬೇಕು ಎನ್ನುತ್ತಿದ್ದರು. ಕಾನೂನೂ ಒಂದು ರೀತಿಯಲ್ಲಿ ಅದನ್ನೇ ಹೇಳುತ್ತದೆ. ಆದರೆ ಎಲ್ಲರದ್ದೂ ಆದ ಜಮೀನಿನಲ್ಲಿ ಯಾವನೊಬ್ಬ ಬೇಕಾದರೂ ತನ್ನ ಪಾಲನ್ನು ಯಾರಿಗೆ ಬೇಕಾದರೂ ಮಾರಬಹುದು ಎಂದೂ ಹೇಳುತ್ತದೆ. ಕ್ಯಾಲಿಗೆ ಅದು ಗೊತ್ತಿರಲಿಲ್ಲ. ಮೋಸದಿಂದ ತಪ್ಪಿಸಿಕೊಳ್ಳಲು ಬಾಗಿಲು ಹಾಕಿದಳು, ಚಿಲಕ ಹೊರಗಡೆ ಇತ್ತು.

ಅವಳು ಸತ್ತ ಬೇಸಿಗೆಯಲ್ಲೇ ಶಿಕಾಗೋದಲ್ಲಿದ್ದ ಅವಳ ಮಗ ಲೆಮ್ಯುಯಲ್ ತನ್ನ ಪಾಲನ್ನು ಹಳೇ ಹಾಲಿಫೀಲ್ಡ್ ಎಂಬ ಬಿಳಿಯನಿಗೆ ಮಾರಿದ. ಉಳಿದ ಪಾಲು ಹೋಸಿಯಾ ಮತ್ತು ಆಡಿ ಪರ್ಲ್ ಇಬ್ಬರದು, ಯಾಕೆಂದರೆ ಅವರ ಅಪ್ಪ ಮೊದಲೇ ತೀರಿಹೋಗಿದ್ದ. ಲೆಮ್ಯುಯಲ್ ಮಾರಿದ್ದನ್ನು ಇವರಿಗೆ ಯಾರೂ ಹೇಳಲಿಲ್ಲ. ಕೋಳಿಯನ್ನು ಕೇಳಿ ಖಾರ ಅರೆಯುತ್ತಾರೆಯೇ? ಆಗಸ್ಟಿನ ಬಿರುಗಾಳಿಗೆ ಮನೆಯ ಚಾವಣಿ ಹಾರಿಹೋಯಿತು. ಹೋಸಿಯಾ ಅಪ್ಪ, ಅಜ್ಜಿ ಮಾಡುತ್ತಿದ್ದದ್ದನ್ನೇ ಮಾಡಿದ. ಕಾಡಿಗೆ ಹೋಗಿ ಹನ್ನೊಂದು ಮರ ಉರುಳಿಸಿ, ಮಾರಿ, ತಗಡು ತಂದ. ತಗಡಿಗೆ ಮೊಳೆ ಹೊಡೆಯುತ್ತಿರುವಾಗಲೇ ಹಾಲಿಫೀಲ್ಡ್ ದೂರು ಕೊಟ್ಟ.

ಸರ್ಕಾರ ಕೊಟ್ಟ ವಕೀಲ ಏಳೆಂಟು ನಿಮಿಷ ಮಾತಾಡಿದ. ತಪ್ಪಾಯಿತು ಅಂದುಬಿಡು, ಮನೆಗೆ ಹೋಗುತ್ತೀಯ ಅಂದ. ಹೋಸಿಯಾ ಹಾಗೇ ಅಂದ. ಮೂರು ವರ್ಷ ರಾಜ್ಯದ ಜೈಲಿನ ಹೊಲದಲ್ಲಿ ಹತ್ತಿ ಸಾಲಿಗೆ ಗುದ್ದಲಿ ಹಾಕಿದ. ಕುದುರೆಯ ಮೇಲೆ ಕೂತ ಕಾವಲುಗಾರ ಸಾಲು ಎಣಿಸುತ್ತಿದ್ದ. ಅದೇ ಹೊತ್ತಿಗೆ ಇತ್ತ ಹಾಲಿಫೀಲ್ಡ್ ಕೋರ್ಟಿಗೆ ಹೋಗಿ, ಪಾಲು ಮಾಡಲಾಗದ ಜಮೀನು, ಹರಾಜು ಹಾಕಿ ಎಂದು ಕೇಳಿದ. ಆಡಿ ಪರ್ಲ್‌ಗೆ ನೋಟಿಸು ಬಂತು, ಅವಳ ಕೈಯಲ್ಲಿ ಏನೂ ಆಗಲಿಲ್ಲ. ಜೈಲಿನಲ್ಲಿದ್ದವನಿಗೆ ನೋಟಿಸು ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹರಾಜಿನಲ್ಲಿ ಕೊಂಡವನೂ ಹಾಲಿಫೀಲ್ಡೇ.

ಮಸೂದೆಗೆ ಪತ್ರಗಳು ಬೇಕಾಗಿದ್ದವು. ಇವನು ಒಳ್ಳೆಯವನೆಂದು ಒಳ್ಳೆಯವರು ಬರೆದುಕೊಡಬೇಕು. ಅರವತ್ತೆರಡರ ಹೋಸಿಯಾ ಟೋಪಿ ಕೈಯಲ್ಲಿ ಹಿಡಿದು ಬಾಗಿಲಿಂದ ಬಾಗಿಲಿಗೆ ನಿಂತ. ಪಾದ್ರಿ ಬರೆದುಕೊಟ್ಟ. ಸಾಮಿಲ್ಲಿನ ಮೇಸ್ತ್ರಿ, ಮಗನ ವಯಸ್ಸಿನವನು, ಎರಡು ವಾರ ಸತಾಯಿಸಿ ಒಂದು ಸಾಲು ಗೀಚಿದ: “ಇವನು ಎದುರು ಮಾತಾಡುವುದಿಲ್ಲ.” ಹೋಸಿಯಾ ಅದಕ್ಕೂ ಉಪಕಾರವಾಯಿತು ಅಂದ. ಕೊನೆಗೆ ಮಸೂದೆ ಮಂಡಿಸಲು ಒಪ್ಪಿದ್ದ ಶಾಸಕನ ಕಚೇರಿಯಿಂದ ಫೋನು ಬಂತು. ಮರ ಕಳೆದುಕೊಂಡ ಮನೆಯವರದ್ದೊಂದು ಪತ್ರ ಇಲ್ಲದಿದ್ದರೆ ಸಮಿತಿಯವರು ಮಸೂದೆ ಮುಟ್ಟುವುದಿಲ್ಲ. ಮಂಗಳವಾರ ಕೊನೆಯ ದಿನ.

ಹಳೇ ಹಾಲಿಫೀಲ್ಡ್ ಸತ್ತು ವರ್ಷಗಳಾಗಿದ್ದವು. ಈಗ ಮಗ ಡೇಲ್. ಅವನ ಬಾಗಿಲಿಗೆ ಹೋಗುವುದೋ ಬೇಡವೋ ಎಂದು ಹೋಸಿಯಾ ಎರಡು ದಿನ ಒದ್ದಾಡಿದ. ಶುಕ್ರವಾರ ಸಂಜೆ, ಊರಲ್ಲಿ ಹಬ್ಬಿದ್ದ ಮಸೂದೆಯ ಸುದ್ದಿ ಕೇಳಿ, ಡೇಲ್ ಹಾಲಿಫೀಲ್ಡನೇ ಫೋನು ಮಾಡಿದ. ಪತ್ರ ತಯಾರಿದೆ, ನಾಳೆ ಬೆಳಿಗ್ಗೆ ಆಫೀಸಿಗೆ ಬಾ ಅಂದ. ಹಳೆಯದನ್ನೆಲ್ಲ ಮರೆಯೋಣ ಅಂದ.

ಹೋಸಿಯಾ ಅಕ್ಕನ ಅಡುಗೆಮನೆಯಲ್ಲಿ ಕೂತು ಅದನ್ನು ಹೇಳಿದ. ಆಡಿ ಪರ್ಲ್ ಒಲೆಯ ಮೇಲಿನ ಬೀನ್ಸ್ ಮರೆತು ಎರಡೂ ಕೈ ಎದೆಯ ಮೇಲಿಟ್ಟುಕೊಂಡಳು. ಅವಳಿಗೆ ಎಪ್ಪತ್ತೊಂದು.

“ನಾನಿನ್ನೂ ಕೇಳೇ ಇಲ್ಲ ಕಣಕ್ಕ,” ಅಂದ ಹೋಸಿಯಾ. “ಕೇಳೋಕ್ ಮುಂಚೆ ಕೊಡ್ತಾವ್ನೆ. ಹಾಲಿಫೀಲ್ಡ್ ಮನೆಯೋರು ಯಾವತ್ತು ಅಂಗೆ ಕೊಟ್ಟವ್ರೆ?”

“ಅವ್ನಪ್ಪ ಬೇರೆ, ಅವ್ನು ಬೇರೆ. ದೇವ್ರು ಒಳ್ಳೇ ಬುದ್ಧಿ ಕೊಟ್ಟಿರ್ಬೋದು.”

“ಯಾವಾಗ ಕೊಟ್ನಂತೆ? ಸುಕ್ರವಾರನಾ?”

ಆಡಿ ಪರ್ಲ್ ಸೌಟು ಕೆಳಗಿಟ್ಟಳು. “ನೋಡ್ಲಾ ಹೋಸಿ. ಅಜ್ಜಿ ಎಲ್ಲಾರ್ ಮೇಲೂ ಅನುಮಾನ ಪಟ್ಟು ಪಟ್ಟೇ ಜಮೀನು ಕಳದ್ಲು. ನೀನು ಆ ಹುಡುಗಿ ಕಣ್ಣಲ್ಲಿ ನೀರು ಹಾಕ್ಸಿದ್ದೂ ಆಯ್ತು. ಸಾಕು. ನಾನು ನಲ್ವತ್ತಮೂರು ವರ್ಸ ಆ ಓಟಿನ್ ಸಾಲಲ್ಲಿ ಒಬ್ಳೇ ನಿಂತಿವ್ನಿ. ಒಂದ್ ಸಲ ನನ್ ಪಕ್ಕ ನಿಂತ್ಕೊ. ಆಮೇಲೆ ಸತ್ರೂ ಸೈ.”

ಅಕ್ಕ ಅವನನ್ನು ಯಾವತ್ತೂ ಏನೂ ಕೇಳಿದವಳಲ್ಲ. ಜೈಲಿಗೆ ತಿಂಗಳಿಗೊಂದು ಕಾಗದ ತಪ್ಪದೆ ಬರೆದವಳು ಅವಳೊಬ್ಬಳೇ. ನಾಳೆ ಅಲ್ಲಿ ಏನು ಹೇಳಿದರೂ ತಲೆಯಾಡಿಸಿ ಆ ಪತ್ರ ತರುತ್ತೇನೆ ಎಂದು ಅವನು ಮನಸ್ಸಿನಲ್ಲೇ ಅಂದುಕೊಂಡ.

ಡೇಲ್ ಹಾಲಿಫೀಲ್ಡನ ಆಫೀಸು ಕೋರ್ಟಿನ ಎದುರಿಗೇ. ಬಾಗಿಲಿಗೆ ತಾನೇ ಬಂದು ಕೈಕುಲುಕಿದ. ಕುರ್ಚಿ ಎಳೆದು ಕೂರಿಸಿದ. ಕಾಫಿ ತರಿಸಿದ, ಸಕ್ಕರೆ ಎಷ್ಟು ಎಂದು ಕೇಳಿದ. ಹೋಸಿಯಾನಿಗಿಂತ ಹತ್ತು ವರ್ಷ ಚಿಕ್ಕವನು, ಏಕವಚನದಲ್ಲೇ ಮಾತಾಡಿದ. ಏಕವಚನ ಹೋಸಿಯಾನಿಗೆ ಹೊಸದಲ್ಲ. ಕಾಫಿ ಹೊಸದು. ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡ, ಕುಡಿಯಲಿಲ್ಲ.

ಮೂಲೆಯಲ್ಲಿ ಒಬ್ಬ ಹೆಂಗಸು ಸೀಲು, ದಪ್ಪ ರಿಜಿಸ್ಟರು ಇಟ್ಟುಕೊಂಡು ಕೂತಿದ್ದಳು. ನೋಟರಿ. ಪಾದ್ರಿಯ ಪತ್ರಕ್ಕೆ ನೋಟರಿ ಬೇಕಾಗಿರಲಿಲ್ಲ. ಮೇಸ್ತ್ರಿಯ ಪತ್ರಕ್ಕೂ ಬೇಕಾಗಿರಲಿಲ್ಲ. ಹೋಸಿಯಾ ಕಪ್ಪನ್ನು ಮೇಜಿನ ಮೇಲಿಟ್ಟ.

ಡೇಲ್ ಎರಡು ಹಾಳೆ ಮುಂದಿಟ್ಟ. ಮೊದಲನೆಯದು ಪತ್ರ. ಚೆನ್ನಾಗಿತ್ತು. ಚಿಕ್ಕ ವಯಸ್ಸಿನ ತಪ್ಪು, ನಮ್ಮ ಕುಟುಂಬ ಎಂದೋ ಕ್ಷಮಿಸಿದೆ, ಇವರಿಗೆ ಮತದಾನದ ಹಕ್ಕು ಮರಳಲಿ ಎಂದಿತ್ತು. ಕೆಳಗೆ ಡೇಲ್ ಸಹಿ ಮಾಡಬೇಕಾದ ಜಾಗ ಖಾಲಿಯಿತ್ತು. ನೀನು ಎರಡನೇ ಹಾಳೆಗೆ ಹಾಕು, ನಾನು ಇದಕ್ಕೆ ಹಾಕುತ್ತೇನೆ ಎಂದು ಪೆನ್ನು ಕೊಟ್ಟ.

ಹೋಸಿಯಾ ಕನ್ನಡಕ ತೆಗೆದು ಹಾಕಿಕೊಂಡ. ಓದುವುದೇನಿಲ್ಲ, ಬರೀ ವಕೀಲರ ಭಾಷೆ ಎಂದು ಡೇಲ್ ನಕ್ಕ. ಹೋಸಿಯಾ ಓದಿದ. ಒಂದೊಂದೇ ಪದದ ಕೆಳಗೆ ಬೆರಳಿಟ್ಟು, ತುಟಿ ಆಡಿಸುತ್ತ ಓದಿದ. ಮೇಸ್ತ್ರಿಯಾಗಿದ್ದರೆ ಬೈದಿರುತ್ತಿದ್ದ. ಡೇಲ್ ಕಾದ. ಬಿಳಿಯನೊಬ್ಬ ತನಗಾಗಿ ಇಷ್ಟು ಹೊತ್ತು ಸುಮ್ಮನೆ ಕೂತದ್ದನ್ನು ಹೋಸಿಯಾ ಈ ಮೊದಲು ಕಂಡಿರಲಿಲ್ಲ. ಆಗಲೇ ಅವನಿಗೆ ಅರ್ಥವಾಯಿತು, ಈ ಕೋಣೆಯಲ್ಲಿ ಬೇಡಲು ಬಂದವನು ತಾನಲ್ಲ.

ಪೂರ್ತಿ ಓದಿ ಮತ್ತೆ ಮೊದಲಿನಿಂದ ಓದಿದ. ಆಮೇಲೆ ಕೇಳಿದ, “ಜಮೀನು ಮಾರ್ತಾ ಇದೀರಾ ಸಾರ್?”

ಡೇಲ್ ಮುಚ್ಚಿಡಲಿಲ್ಲ. ಸೋಲಾರ್ ಕಂಪನಿಯವರು ಇಡೀ ಜಾಗ ತಗೊಳ್ಳುತ್ತಿದ್ದಾರೆ. ಅವರ ವಕೀಲರಿಗೆ ಕಾಗದಪತ್ರದಲ್ಲಿ ಸಣ್ಣದೊಂದು ಕೊರತೆ ಸಿಕ್ಕಿದೆ. ಹರಾಜಿನ ಕಾಲದಲ್ಲಿ ನಿನಗೆ ನೋಟಿಸು ಹೋಗಿಲ್ಲವಂತೆ. ಅದೊಂದನ್ನು ಸರಿಮಾಡಿಕೊಂಡರೆ ಮುಗಿಯಿತು. ನನ್ನಿಂದ ನಿನಗೆ ಉಪಕಾರ, ನಿನ್ನಿಂದ ನನಗೆ ಉಪಕಾರ.

“ಇದ್ರಲ್ಲಿ ಬರ್ದೈತೆ,” ಅಂದ ಹೋಸಿಯಾ. ಬೆರಳು ಎರಡನೇ ಸಾಲಿನ ಮೇಲಿತ್ತು. “ತೀರ್ಕೊಂಡಿರೋ ಕ್ಯಾಲಿ ಡರ್ಡನ್ ವಾರಸುದಾರ ಹೋಸಿಯಾ ಡರ್ಡನ್. ಆ ಜಮೀನಿನಾಗೆ ತನ್ನ ಪಾಲು ಏನೈತೋ ಅದನ್ನ ಬುಟ್ಟುಕೊಡ್ತಾ ಇದೀನಿ ಅಂತ.”

“ಹೌದು. ಅಷ್ಟೇ.”

“ಬುಟ್ಟುಕೊಡೋಕೆ ನನ್ ಪಾಲು ಐತೆ ಅಂದ್ರೆ, ಆ ಮರ ಯಾರ್ದು ಸಾರ್?”

ನೋಟರಿ ಹೆಂಗಸು ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದಳು. ಡೇಲ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. “ಅದು ಯಾವ ಕಾಲದ ಕಥೆ ಹೋಸಿಯಾ. ಮಂಗಳವಾರ ದಾಟಿದ್ರೆ ನಿನ್ನ ಮಸೂದೆ ಕಸದ ಬುಟ್ಟಿಗೆ ಹೋಗುತ್ತೆ. ನಿನ್ನ ವಯಸ್ಸಿಗೆ ಇನ್ನೊಂದು ಸಲ ಬರುತ್ತಾ, ನೀನೇ ಯೋಚನೆ ಮಾಡು.”

ಹೋಸಿಯಾ ಯೋಚಿಸಿದ. ಪೆನ್ನು ಕೈಯಲ್ಲೇ ಇತ್ತು. ಹಾಕಿಬಿಡಬೇಕೆಂದು ಬಹಳ ಅನ್ನಿಸಿತು. ಜಮೀನು ಹೋಗಿ ಯಾವ ಕಾಲವಾಯಿತು, ಅದು ವಾಪಸು ಬರುವುದಿಲ್ಲ. ಒಂದು ಗೀಟು ಎಳೆದರೆ ನವೆಂಬರಿನಲ್ಲಿ ಅಕ್ಕನ ಪಕ್ಕ ನಿಲ್ಲಬಹುದು. ಅವಳು ಪ್ರತಿ ಚುನಾವಣೆಗೂ ಹಾಕುವ ಹಸಿರು ಕೋಟು ಹಾಕಿಕೊಂಡು ಬರುತ್ತಾಳೆ. ಎಲ್ಲರಿಗೂ ಇವನು ನನ್ನ ತಮ್ಮ ಎಂದು ಹೇಳುತ್ತಾಳೆ.

ಮತ್ತೆ ಆ ಹಾಳೆ ನೋಡಿದ. ಕಡೆಯ ಸಾಲಿನಲ್ಲಿ ಇನ್ನೊಂದು ಮಾತಿತ್ತು. ಮೇಲೆ ಹೇಳಿದ ಮರಗಳು ತನ್ನವಲ್ಲವೆಂದು ಈತ ಈಗಲೂ ಒಪ್ಪುತ್ತಾನೆ. ಮೇಲಿನ ಸಾಲಿನಲ್ಲಿ ಪಾಲುದಾರ, ಕೆಳಗಿನ ಸಾಲಿನಲ್ಲಿ ಕಳ್ಳ. ಅವರಿಗೆ ಅವನು ಎರಡೂ ಆಗಬೇಕಾಗಿತ್ತು. ಜಮೀನು ಬಿಟ್ಟುಕೊಡುವಷ್ಟು ಹೊತ್ತು ಪಾಲುದಾರ, ಉಳಿದ ಕಾಲವೆಲ್ಲ ಕಳ್ಳ. ಹತ್ತಿ ಹೊಲದ ಮೂರು ವರ್ಷ ಅವನ ತಲೆಗೆ ಬಂತು. ಹಿಂದಿನ ಬಾಗಿಲು ಬಂತು. ಲೂಟಿಷಾ ಸತ್ತು ಬಿದ್ದಿದ್ದ ಮನೆಯ ಮುಂಬಾಗಿಲಲ್ಲಿ, ನೀನು ಯಾರು ಎಂದು ಕೇಳಿದ ಸರ್ಕಾರಿ ಮನೆಗಳ ಮ್ಯಾನೇಜರನಿಗೆ ಪರಿಚಯದವನು ಅಂದದ್ದು ಬಂತು.

ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟ.

“ಅವತ್ತು ತಪ್ಪಾಯ್ತು ಅನ್ನು, ಮನೆಗೋಗ್ತೀಯ ಅಂದ್ರು. ಅಂದೆ. ನಂಗಾಗ ಹತ್ತೊಂಬತ್ತು. ಇನ್ನೊಂದ್ ಸಲ ಅನ್ನಲ್ಲ.”

“ಅಂದ್ರೆ ಓಟು ಬೇಡ ನಿನಗೆ?”

“ಬೇಕು. ನಿಮ್ಮಿಂದ ಬೇಡ.”

ಮಸೂದೆ ಸತ್ತಿತು. ಆ ಮಾತು ಬಾಯಿಂದ ಬಿದ್ದ ಕೂಡಲೇ ಅವನಿಗೆ ಅದು ಗೊತ್ತಾಯಿತು. ಅಕ್ಕನಿಗೆ ಏನು ಹೇಳುವುದು? ಎರಡನೇ ಹಾಳೆಯನ್ನು ಎತ್ತಿಕೊಂಡು ಮೂರು ಬೆರಳಿನ ಎಡಗೈಯಲ್ಲಿ ಒತ್ತಿ ಹಿಡಿದು, ನಾಲ್ಕು ಮಡಿಕೆ ಮಾಡಿ, ಅಂಗಿಯ ಜೇಬಿಗೆ ಹಾಕಿಕೊಂಡ.

ಡೇಲ್ ಎದ್ದು ನಿಂತ. ನಗು ಹೋಗಿತ್ತು, ಅವನ ಅಪ್ಪನ ಮುಖ ಬಂದಿತ್ತು. “ಅದನ್ನ ಇಲ್ಲಿ ಕೊಡು. ಅದು ನನ್ನ ಕಾಗದ.”

“ಔದು ಸಾರ್. ನಿಮ್ದೇ. ನನ್ ಜೀವ್ಮಾನ್ದಾಗೆ ಇನ್ನೊಬ್ರ ಸ್ವತ್ತು ಕದೀತಾ ಇರೋದು ಇದೇ ಮೊದ್ಲು. ಶೆರಿಫ್‌ಗೆ ಫೋನ್ ಮಾಡಿ.”

ಡೇಲ್ ಹಾಲಿಫೀಲ್ಡನ ಕೈ ಫೋನಿನ ಮೇಲೆ ಹೋಯಿತು. ಶೆರಿಫ್ ಬಂದರೆ ಆ ಕಾಗದ ಎದುರಿನ ಕೋರ್ಟಿಗೆ ಹೋಗುತ್ತದೆ. ಅಲ್ಲಿ ಅದನ್ನು, ಹೋಸಿಯಾನಿಗೆ ಪಾಲಿದೆ ಎಂಬ ಸಾಲೂ ಸೇರಿ, ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕಾಗುತ್ತದೆ. ಕೈ ಫೋನಿನ ಮೇಲೆ ಹಾಗೇ ಕೂತಿತು.

ಬಾಗಿಲವರೆಗೆ ಹೋಗಿದ್ದ ಹೋಸಿಯಾ ತಿರುಗಿ ಬಂದ. ಕುರ್ಚಿ ಎಳೆದುಕೊಂಡು ಮತ್ತೆ ಕೂತ.

“ಮಾಡಿ ಸಾರ್,” ಅಂದ. “ನಾನು ಎಲ್ಲೂ ಹೋಗಲ್ಲ.”